ಬಂದರಿನಲ್ಲಿ ಮುಗಿಯದ ಚಿತ್ರ

ಅಪ್ಪಾ,

ಇವತ್ತು ಬಂದರಿನ ಕಟ್ಟೆ ಮೇಲೆ ಕೂತು, ಬೆಳಕು ಬದಲಾಗುವ ಮೊದಲೇ ಹಡಗುಗಳನ್ನು ಚಿತ್ರದಲ್ಲಿ ಹಿಡಿಯುವ ಗಡಿಬಿಡಿಯಲ್ಲಿದ್ದೆ. ನೀನಿದ್ದಾಗ ಮಾಡುತ್ತಿದ್ದ, ಹಡಗುಗಳನ್ನು ದಡಕ್ಕೆ ಹಗ್ಗದಿಂದ ಕಟ್ಟುವ ಕೆಲಸವನ್ನೇ ಈಗ ಮಾಡುವವನೊಬ್ಬ ಓಡಿ ಬಂದು, ನನ್ನ ಜಡೆ ಹಿಡಿದು ದರದರ ಎಳೆದ. ರಕ್ತ ಬರುವ ಹಾಗೆ ಅವನ ಕೈ ಕಚ್ಚಿದೆ.

"ಸಾಯ್ಬೇಕಾ ನಿಂಗೆ?" ಅಂತ ನನ್ನನ್ನು ನೆಲಕ್ಕೆ ಕೆಡವಿದ.

ಆಗಲೇ ಹಡಗಿನ ಬಿಗಿದ ಹಗ್ಗ ಗುಂಡು ಹೊಡೆದ ಹಾಗೆ ಹರಿದು ಬೀಸಿತು. ನಾನು ಕೂತಿದ್ದ ಸ್ಟೂಲು ಪುಡಿಪುಡಿಯಾಯಿತು, ಅವನ ಮೊಣಕಾಲು ಮುರಿಯಿತು.

ಆಸ್ಪತ್ರೆಯಲ್ಲಿ, "ಚಿತ್ರ ಹಾಳಾಯ್ತಲ್ಲಮ್ಮ," ಅಂದ.

ಚಿಕ್ಕವಳಿದ್ದಾಗ ನಾನು ಚಿತ್ರ ಬಿಡಿಸುತ್ತಾ ಕೂತಿದ್ದ ಅದೇ ಕಟ್ಟೆ ಮೇಲೆ ನೀನು ನನ್ನ ಬಣ್ಣದ ಪೆಟ್ಟಿಗೆಯನ್ನು ಸಮುದ್ರಕ್ಕೆ ಒದ್ದು, ಕೆನ್ನೆಗೆ ಬಾರಿಸಿ, ಮನೆ ತನಕ ಎಳೆದುಕೊಂಡು ಹೋಗಿದ್ದೆ. ನೀನು ತೀರಿಕೊಳ್ಳುವವರೆಗೂ ನಾನು ನಿನ್ನ ಜೊತೆ ಮಾತಾಡಲಿಲ್ಲ.

ಆ ದಿನವೂ ಹಗ್ಗ ಹೀಗೇ ಬಿಗಿದಿತ್ತೇನೋ; ಹರಿದಿರಲಿಲ್ಲ ಅಷ್ಟೇ, ಅಪ್ಪಾ.