ಹೊಳಲಿನ ದಾರಿಯಲ್ಲಿ ಮೂರು ಕೂಗು

ಹೂವಿನಹಡಗಲಿ
೨೧-೧೦-೨೦೨೪

ಭೂಮಿಕಾಗೆ,

ನೆಗಡಿ ಒಂದನ್ನು ಬಿಟ್ಟರೆ ನಾನು ಕ್ಷೇಮ. ಪತ್ರ ಹದಿನೈದು ದಿನ ತಡವಾಯಿತು. ಸಿಟ್ಟು ಇಳಿಯಲಿ ಎಂದು ಕಾದೆ, ಇಳಿಯಲಿಲ್ಲ. ಮೊಬೈಲಿನಲ್ಲಿ ಬರೆದರೆ ನೀನು ನಗುವ ಮುಖವೊಂದನ್ನು ಒತ್ತಿ ಮುಗಿಸಿಬಿಡುತ್ತೀ. ಅದಕ್ಕೇ ಕಾಗದ.

ಹಡಗಲಿಯಿಂದ ಹೊಳಲಿಗೆ ಹೆಂಗಸರೆಲ್ಲ ಸೈಕಲ್ ಮೇಲೆ ಹೋಗೋಣ ಎಂದವಳು ನೀನು. ಹೈಸ್ಕೂಲಿನ ಹಳೇ ಸೈಕಲ್ಲಿಗೆ ಎಣ್ಣೆ ಬಿಟ್ಟು ನಾನೇ ಮೊದಲು ಬಂದು ನಿಂತೆ. ಮೂರು ವರ್ಷ ಅದರ ಕ್ಯಾರಿಯರ್ ಮೇಲೆ ಕೂತವಳು ನೀನು, ಮರೆತಿರಲಾರೆ. ನೀನು ಗೇರಿನ ಸೈಕಲ್ಲಿನಲ್ಲಿ, ಹೊಸಪೇಟೆಯ ಗೆಳತಿಯರೊಂದಿಗೆ ಬಂದೆ. ಮಳೆ ಜಿನುಗುತ್ತಿತ್ತು.

"ಡಾಂಬರು ರಸ್ತಿ ಬಿಡಬ್ಯಾಡ ಲೇ, ಒಳಗ ಎರಿ ಮಣ್ಣೈತಿ" ಎಂದೆ ನಾನು.

"ನೀ ಸುಮ್ನ ಹಿಂದ ಬಾ. ನಿನ್ನ ಗಾಡಿಗೆ ಬೆಲ್ಲೂ ಬ್ಯಾಡ, ತಾನ ಕಿರ್ರ್ ಅಂತೈತಿ" ಎಂದು ಎಲ್ಲರನ್ನೂ ನಗಿಸಿ ನೀನು ಹೊಲದ ದಾರಿ ಹಿಡಿದೆ.

ಎರಡು ಫರ್ಲಾಂಗು ಹೋಗುವಷ್ಟರಲ್ಲಿ ಆ ಕಪ್ಪು ಜಿಗುಟು ಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿ ನನ್ನ ಗಾಲಿ ಕಚ್ಚಿ ನಿಂತಿತು. ನಿಮ್ಮವಕ್ಕೆ ಮಡ್‌ಗಾರ್ಡೇ ಇಲ್ಲ, ಉರುಳಿದವು. ಕೈಯೆತ್ತಿ ಮೂರು ಸಲ ಕೂಗಿದೆ. ನೀನು ತಿರುಗಿದೆ, ನೋಡಿದೆ, ಹೋದೆ.

ಹತ್ತಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಮುದುಕಿ ಹಂಪಕ್ಕ, ತಲೆಯ ಮೇಲಿನ ಗೊಬ್ಬರಚೀಲದ ಕೊಪ್ಪೆಯ ಸಮೇತ ಎದ್ದುಬಂದಳು. "ಯವ್ವಾ, ಸೈಕಲ್ಲು ನಿನ್ನ ಹೊರಬೇಕೋ, ನೀನು ಸೈಕಲ್ಲ ಹೊರಬೇಕೋ?" ಎಂದು ನಗುತ್ತಲೇ ಕುರ್ಪಿಯಿಂದ ಗಾಲಿಯ ಮಣ್ಣು ಕೆತ್ತಿ ತೆಗೆದಳು.

ನಾನು ಹೊಳಲು ಮುಟ್ಟಿದಾಗ ನಿಮ್ಮ ಫೋಟೋ ಮುಗಿದಿತ್ತು. "ಎಲ್ಲಿ ಉಳಕಂಡಿದ್ದಿ? ನಾ ನೋಡೇ ಇಲ್ಲಲೇ!" ಎಂದು ನೀನು ಗುಡಿಯಲ್ಲಿ ಅನಂತಶಯನನ ಎದುರಿಗೇ ನಿಂತು ಹೇಳಿದೆ. ಅವನು ಮಲಗಿದ ದೇವರು, ಸುಮ್ಮನಿದ್ದ. ನನಗೆ ಹಾಗೆ ಮಲಗಿರಲು ಬರುವುದಿಲ್ಲ. ಇನ್ನು ನಿನ್ನ ಗುಂಪಿನಲ್ಲಿ ನನ್ನ ಹೆಸರು ಬೇಡ, ನನ್ನ ಬಾಗಿಲಿಗೆ ನಿನ್ನ ಸೈಕಲ್ಲೂ ಬೇಡ.

ನಿನ್ನ ಮಕ್ಕಳು ನೂರು ಕಾಲ ಬಾಳಲಿ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಸುಕನ್ಯಾ

ಮರೆತದ್ದು: ಅಂದು ನಿನ್ನ ಪಕ್ಕದಲ್ಲೇ ಇದ್ದ ಕೊಟ್ರಮ್ಮ ಮೊನ್ನೆ ಸಂತೆಯಲ್ಲಿ ಎಲ್ಲ ಹೇಳಿದಳು. ಹೊಸಪೇಟೆಯವರು "ಯಾರೋ ಕೂಗ್ತಾರಲ್ರಿ?" ಎಂದರಂತೆ. ನೀನು "ಯಾರೋ ಕಳಿ ತೆಗಿಯಾಕಿ, ನಡೀರಿ" ಎಂದೆಯಂತೆ.

ಗಾಲಿ ಕೆತ್ತುತ್ತಾ ಹಂಪಕ್ಕ ನನ್ನ ಊರು, ಮನೆತನ ಕೇಳಿದಳು. ಹೇಳಿದೆ. "ನಿಮ್ಮವ್ವ, ಹೊನ್ನೂರಮ್ಮ, ನಾನು, ಮೂವರೂ ಇದ ಸಾಲಿನಾಗ ಕಳಿ ತೆಗದೇವಿ. ಹೊನ್ನೂರಮ್ಮನ ಮಗಳು ಭೂಮಿಕಾ ಈಗ ಹೆಂಗದಾಳ?" ಎಂದಳು.

ನೀನಿನ್ನೂ ಹೊಲದ ತುದಿಯ ಬೇವಿನ ಮರ ದಾಟಿರಲಿಲ್ಲ, ಕಣ್ಣಿಗೆ ಕಾಣುತ್ತಿದ್ದೆ. ಅಲ್ಲಿ ಹೋಗುತ್ತಿರುವವಳೇ ಆಕೆ ಎನ್ನಲು ನನಗೆ ಬಾಯಿ ಬರಲಿಲ್ಲ. ಚೆನ್ನಾಗಿದ್ದಾಳೆ ಎಂದೆ.