ಕಣ್ಣಿನ ಪಾಳಿಯಿಂದ ಆರ್ಥಿಕತೆಗೆ ಆದ ಹಾನಿಯ ಕುರಿತು

ಕಾರ್ಮಿಕ ಸಂಘಗಳ ನೋಂದಣಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಬೀದಿಯ ಕೊನೆಯಲ್ಲಿರುವ ಗಾಜಿನ ಬಾಟಲಿ ಕಾರ್ಖಾನೆಯ ಕಾರ್ಮಿಕ ಸಂಘದ ನೋಂದಣಿಯನ್ನು ತಾವು ರದ್ದು ಮಾಡಿದ್ದೀರಿ. ಅದರ ಫಲವಾಗಿ ಬರುವ ಸೋಮವಾರ, ಅಲ್ಲೇ ಕೆಲಸ ಮಾಡುವ ನನ್ನ ಹೆಂಡತಿ ಕಂಪನಿಯ ಶಿಸ್ತು ವಿಚಾರಣೆಗೆ ಒಬ್ಬಳೇ ಹಾಜರಾಗಬೇಕಾಗಿದೆ. ಅವಳ ಕೆಲಸ ಹೋಗುವ ಸಂಭವವೇ ಹೆಚ್ಚು. ಆರ್ಥಿಕತೆ ಸುಧಾರಿಸುವಾಗ ಇಂಥ ಸಣ್ಣಪುಟ್ಟದ್ದು ಇದ್ದದ್ದೇ ಎಂದು ತಾವು ಹೇಳಬಹುದು. ಆದರೂ ಆ ಸಣ್ಣಪುಟ್ಟದ್ದು ನನ್ನ ಮನೆಯಲ್ಲೇ ಇರುವುದರಿಂದ ಬರೆಯುತ್ತಿದ್ದೇನೆ.

ತಮ್ಮ ಆದೇಶವನ್ನು ಪೂರ್ತಿ ಓದಿದ್ದೇನೆ. ಸಂಘದವರು ವಾರ್ಷಿಕ ಲೆಕ್ಕಪತ್ರವನ್ನು ತಡವಾಗಿ ಸಲ್ಲಿಸಿದರು ಎಂಬುದೇ ರದ್ದತಿಗೆ ಕಾರಣ. ಅದನ್ನು ಅರ್ಧ ಪುಟದಲ್ಲಿ ಮುಗಿಸಿ, ಉಳಿದ ಪುಟಗಳಲ್ಲಿ ಸಂಘಗಳಿಂದ ದೇಶದ ಆರ್ಥಿಕತೆಗೆ ಆಗುವ ಹಾನಿಯನ್ನು ವಿವರಿಸಿದ್ದೀರಿ. ಮೂಗಿಗಿಂತ ಮೂಗುತಿ ಭಾರವಾಯಿತು ಎಂದು ನನಗನಿಸಿತು, ಇರಲಿ. ಲೆಕ್ಕ ತಡವಾದದ್ದು ನಿಜ. ಸಂಘದ ಕಾರ್ಯದರ್ಶಿಯನ್ನು ನಾವೆಲ್ಲ 'ಮೈಕ್' ಎನ್ನುತ್ತೇವೆ. ಅವನಿಗೆ ಮಾತಾಡಿ ಬಿಡುವಾದರೆ ತಾನೇ ಲೆಕ್ಕ ಬರೆಯುವುದು? ತಲೆನೋವಿನ ಮಾತ್ರೆ ಕೊಳ್ಳಲು ನನ್ನ ಔಷಧಿ ಅಂಗಡಿಗೆ ಬಂದರೆ, ಹೋಗುವಷ್ಟರಲ್ಲಿ ನನಗೂ ಒಂದು ಮಾತ್ರೆ ಬೇಕಾಗುತ್ತದೆ.

ತಾವು ಬರೆದದ್ದೆಲ್ಲ ಸುಳ್ಳೆಂದು ನಾನು ವಾದಿಸುವುದಿಲ್ಲ. ಮುಷ್ಕರ ನಡೆದಾಗ ನಮ್ಮ ಬೀದಿಯ ವ್ಯಾಪಾರ ನೆಲ ಕಚ್ಚಿತ್ತು. ಸಂಘ ಬಂದು ಸಂಬಳ ಏರಿದ ಮೇಲೆ ಕಂಪನಿ ಹೊಸಬರನ್ನು ತೆಗೆದುಕೊಳ್ಳುವುದು ಕಡಿಮೆಯಾಯಿತು ಎಂದಿದ್ದೀರಿ, ಅದೂ ಸರಿ. ನನ್ನ ಭಾವಮೈದುನ ಅದೇ ಕಾರಣಕ್ಕೆ ನಮ್ಮ ಮನೆಯ ಸೋಫಾದ ಮೇಲಿದ್ದಾನೆ. ಅವನು ಸಂಘವನ್ನು ಬೈಯುತ್ತಾನೆ, ನಾನು ಅವನನ್ನು ಬೈಯುತ್ತೇನೆ.

ಆದರೆ ತಮ್ಮ ಆದೇಶದಲ್ಲಿ ನನ್ನ ಅಂಗಡಿಯ ಕಟ್ಟೆ ಕಾಣಿಸಲಿಲ್ಲ. ಸಂಘ ಇಲ್ಲದ ಕಾಲದಲ್ಲಿ ಕಾರ್ಖಾನೆಯ ಕಾರ್ಮಿಕರು ಡಾಕ್ಟರ ಚೀಟಿ ಹಿಡಿದು ಬಂದರೆ, "ಸದ್ಯಕ್ಕೆ ಅರ್ಧ ಕೊಡಿ, ಮಿಕ್ಕಿದ್ದು ಆಮೇಲೆ ನೋಡೋಣ" ಎನ್ನುತ್ತಿದ್ದರು. ಆ ಆಮೇಲೆ ಬರುತ್ತಿರಲಿಲ್ಲ, ಜ್ವರ ಮತ್ತೆ ಬರುತ್ತಿತ್ತು. ಸಂಬಳ ಏರಿದ ಮೇಲೆ ಚೀಟಿಯಲ್ಲಿ ಬರೆದಷ್ಟೂ ಮಾತ್ರೆ ಕೊಳ್ಳತೊಡಗಿದರು. ಒಂದು ಬೀದಿ ತನ್ನ ಜ್ವರವನ್ನು ಪೂರ್ತಿ ವಾಸಿ ಮಾಡಿಕೊಳ್ಳುವುದು ಆರ್ಥಿಕತೆಗೆ ಲಾಭವೋ ನಷ್ಟವೋ? ನನಗೆ ತಿಳಿಯದು, ತಾವು ತಿಳಿದವರು.

ಈಗ ಕಣ್ಣಿನ ಪಾಳಿಯ ವಿಷಯ. ನನ್ನ ಹೆಂಡತಿ ಕೆಲಸ ಮಾಡುವ ಕೋಣೆಯಲ್ಲಿ ಬಿಳಿ ದೀಪದ ಹಲಗೆಯೊಂದಿದೆ. ಅದರ ಮುಂದೆ ಔಷಧಿ ತುಂಬಿಸುವ ಖಾಲಿ ಬಾಟಲಿಗಳು ಬೆಲ್ಟಿನ ಮೇಲೆ ಸಾಲಾಗಿ ಓಡುತ್ತವೆ. ಬಿರುಕು, ಗುಳ್ಳೆ, ಚೂರು ಕಂಡರೆ ಆ ಬಾಟಲಿಯನ್ನು ಎತ್ತಿ ಆಚೆ ಹಾಕಬೇಕು. ಕೆಲಸ ಇಷ್ಟೇ. ಮೊದಲು ಇಡೀ ಪಾಳಿ ಒಬ್ಬಳೇ ದಿಟ್ಟಿಸಬೇಕಿತ್ತು. ಸಂಘ ಹಟ ಹಿಡಿದು ಅರ್ಧ ಗಂಟೆಗೊಮ್ಮೆ ಬದಲಿ ತಂದಿತು. ನೋಡುವವಳು ಎದ್ದು ಪ್ಯಾಕಿಂಗಿಗೆ ಹೋಗುವಳು, ಪ್ಯಾಕಿಂಗಿನವಳು ಬಂದು ನೋಡುವಳು. ಕಣ್ಣಿನ ಪಾಳಿ ಎಂಬುದು ಅದಕ್ಕೆ ಅಲ್ಲಿನ ಹೆಂಗಸರೇ ಇಟ್ಟ ಹೆಸರು. ತಾವು ಆದೇಶದಲ್ಲಿ ಅದಕ್ಕೆ 'ಉತ್ಪಾದನೆಗೆ ಅಡ್ಡಿಯಾದ ರೂಢಿ' ಎಂದು ಬೇರೆ ಹೆಸರಿಟ್ಟಿರಿ. ನೋಂದಣಿ ರದ್ದಾದ ಮರುದಿನವೇ ಕಂಪನಿ ಅದನ್ನು ನಿಲ್ಲಿಸಿತು. ಬೆಲ್ಟು ಜೋರಾಯಿತು. ಉತ್ಪಾದನೆ ಏರಿತು, ಅಭಿನಂದನೆಗಳು.

ಆಮೇಲೆ ಒಂದು ಸಂಜೆ ನಾನು ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದೆ. ಕೆಲಸದಿಂದ ಬಂದವಳು ಎದುರಿಗೆ ಕೂತು ನನ್ನನ್ನೇ ನೋಡಿ, "ರೀ, ಸ್ವಲ್ಪ ನಿಲ್ಲಿ" ಎಂದಳು.

"ಕೂತೇ ಇದೀನಲ್ಲೇ."

"ಎಡಕ್ಕೆ ಹೋಗ್ತಾ ಇದೀರಿ. ಗೋಡೆನೂ ಹೋಗ್ತಿದೆ."

ದಿನವಿಡೀ ಬಲಕ್ಕೆ ಓಡುವ ಬಾಟಲಿಗಳನ್ನು ನೋಡಿ ಬಂದ ಕಣ್ಣಿಗೆ, ನಿಂತದ್ದೆಲ್ಲ ಎಡಕ್ಕೆ ಜಾರುತ್ತದಂತೆ. ಭಾವಮೈದುನ ಸೋಫಾದಿಂದಲೇ, "ಅಕ್ಕಾ, ನಾನು?" ಎಂದ. "ನೀನೂ ಹೋಗ್ತಾ ಇದೀಯ ಕಣೋ" ಎಂದಳು. ಅವನು ಚಲಿಸಿದ ಸುದ್ದಿ ಕೇಳಿ ಎಲ್ಲರೂ ನಕ್ಕೆವು. ಅವಳು ಮಾತ್ರ ಕಣ್ಣು ಮುಚ್ಚಿಕೊಂಡು ಕೂತಳು. ನಾನೆದ್ದು ದೀಪ ಆರಿಸಿದೆ.

ಮುಂದಿನದನ್ನು ತಾವು ಗಮನವಿಟ್ಟು ಓದಬೇಕು. ಕಳೆದ ತಿಂಗಳು ನನ್ನ ಅಂಗಡಿಗೆ ಬಂದ ಮಕ್ಕಳ ಕೆಮ್ಮಿನ ಸಿರಪ್ಪಿನಲ್ಲಿ, ಬಾಟಲಿಯ ತಳದಲ್ಲಿ, ಒಂದು ಗಾಜಿನ ಚೂರು ಕಂಡಿತು. ಮಗುವಿನ ಗಂಟಲಿಗೆ ಹೋಗಬೇಕಾಗಿದ್ದ ಚೂರು. ಔಷಧಿ ಮಾರುವವನು ಮಾಡಬೇಕಾದದ್ದನ್ನೇ ಮಾಡಿದೆ. ಆ ಸರಕನ್ನೆಲ್ಲ ಕಪಾಟಿನಿಂದ ಇಳಿಸಿ, ಸಿರಪ್ಪಿನ ಕಂಪನಿಗೆ ದೂರು ಬರೆದೆ. ಅವರು ಬಾಟಲಿ ಕಾರ್ಖಾನೆಗೆ ಬರೆದರು. ಲಾರಿಗಟ್ಟಲೆ ಬಾಟಲಿ ವಾಪಸ್ ಬಂತು. ಕಣ್ಣಿನ ಪಾಳಿ ನಿಂತ ಮೇಲೆ ತಯಾರಾದ ಆ ಬಾಟಲಿಯ ತಳದ ಗುರುತು ಹಿಡಿದು, ಅದು ಯಾರ ಕಣ್ಣ ಮುಂದೆ ಹಾದುಹೋಯಿತು ಎಂದು ಕಾರ್ಖಾನೆಯವರು ಹುಡುಕಿದರು. ನೋಟಿಸು ನನ್ನ ಮನೆಗೇ ಬಂತು, ಹೆಂಡತಿಯ ಹೆಸರಿಗೆ.

"ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದರು ನನ್ನ ಅತ್ತೆ. ಹೆಂಡತಿ ನೋಟಿಸು ಮಡಚಿಟ್ಟು, "ದೂರು ಕೊಡದೇ ಇದ್ದಿದ್ರೆ ನಿಮ್ಮನ್ನ ಮನೆಯೊಳಗೆ ಬಿಡ್ತಿರಲಿಲ್ಲ" ಎಂದಳು. ಅದು ಸಮಾಧಾನವೋ ಬೈಗುಳವೋ ಇನ್ನೂ ಯೋಚಿಸುತ್ತಿದ್ದೇನೆ.

ಮಾನ್ಯರೇ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಬೆಲ್ಟಿನ ವೇಗ ಹೆಚ್ಚಿಸಿದವರು ಕಂಪನಿಯವರು, ಬದಲಿ ನಿಲ್ಲಿಸಲು ಧೈರ್ಯ ಕೊಟ್ಟವರು ತಾವು, ಕಣ್ಣು ಮಾತ್ರ ಅವಳದು. ಬೆಲ್ಟು ಓಡಿದ್ದನ್ನು ಉತ್ಪಾದನೆ ಎಂದು ಎಣಿಸಿದ ತಾವು, ವಾಪಸ್ ಬಂದ ಲಾರಿಯನ್ನು ಏನೆಂದು ಎಣಿಸುತ್ತೀರಿ? ಕಣ್ಣಿನ ಪಾಳಿಯಿಂದ ಆದ ನಷ್ಟ ಹೆಚ್ಚೋ, ಅದನ್ನು ನಿಲ್ಲಿಸಿದ್ದರಿಂದ ಆದ ನಷ್ಟ ಹೆಚ್ಚೋ? ಆ ಚೂರು ನನ್ನ ಕಣ್ಣಿಗೆ ಬೀಳದೆ ಒಂದು ಮಗುವಿನ ಹೊಟ್ಟೆ ಸೇರಿದ್ದರೆ, ಅದನ್ನು ಆದೇಶದ ಯಾವ ಪುಟದಲ್ಲಿ ಸೇರಿಸುತ್ತಿದ್ದಿರಿ? ನನಗೆ ಸಿಟ್ಟು ಬಂದಿದೆ. ಸರ್ಕಾರಿ ಪತ್ರಕ್ಕೆ ತಕ್ಕ ಭಾಷೆಯಲ್ಲಿ ಬಂದಿದೆ, ಅಷ್ಟೇ.

ನಿನ್ನೆ ನನಗೂ ಕರೆ ಬಂತು. ವಿಚಾರಣೆಯಲ್ಲಿ ದೂರುದಾರನ ಹೇಳಿಕೆ ಬೇಕಂತೆ. ಸೋಮವಾರ ಕಂಪನಿಯ ಪೇಟೆ ಕಚೇರಿಗೆ ನಾವಿಬ್ಬರೂ ಒಂದೇ ಆಟೋದಲ್ಲಿ ಹೋಗುತ್ತೇವೆ. ಒಳಗೆ ಹೋದ ಮೇಲೆ ನಾನು ಮೇಜಿನ ಆಚೆ, ಕಂಪನಿಯವರ ಸಾಲಿನಲ್ಲಿ ಕೂರಬೇಕು. ಅವಳು ಈಚೆ. ಅವಳ ಪಕ್ಕದ ಕುರ್ಚಿ ಸಂಘದವರದ್ದು. ನೋಂದಣಿ ಇಲ್ಲದ ಸಂಘಕ್ಕೆ ಕುರ್ಚಿ ಇಲ್ಲ ಎಂದು ಕಂಪನಿ ಹೇಳಿದೆ. ಗಂಡನಿಗಂತೂ ಇಲ್ಲವೇ ಇಲ್ಲ.

ನನ್ನ ಬೇಡಿಕೆ ಆ ಕುರ್ಚಿ. ತಡವಾದ ಲೆಕ್ಕಕ್ಕೆ ದಂಡ ಹಾಕಿ, ಕಟ್ಟಿಸಿಕೊಳ್ಳಿ. ಸೋಮವಾರದೊಳಗೆ ರದ್ದತಿಯನ್ನು ಹಿಂಪಡೆದು ಮೈಕನ್ನು ಅಲ್ಲಿ ಕೂರಿಸಿ. ಅವನು ಎಷ್ಟು ಹೊತ್ತು ಬೇಕಾದರೂ ಮಾತಾಡಲಿ, ನಾನು ಕೇಳುತ್ತೇನೆ. ಆಚೆ ಬದಿಯಲ್ಲಿ ಕೂತು, ನನ್ನ ಹೆಂಡತಿಯ ಪಕ್ಕದ ಖಾಲಿ ಕುರ್ಚಿಯನ್ನು ನೋಡುತ್ತಾ ಅವಳ ತಪ್ಪು ಹೇಳುವುದು ಮಾತ್ರ ನನ್ನಿಂದಾಗದು.

ಇಂತಿ,
ಕಂಪನಿಯ ಪರ ಏಕೈಕ ಸಾಕ್ಷಿ,
ಆರೋಪಿಯ ಗಂಡ