ಓಟ ಬಿಡುವ ಪಿಸ್ತೂಲು

ವಿಟ್ಲ
೧೫-೧೨-೨೦೨೪, ಆದಿತ್ಯವಾರ

ಮುದ್ದು ಮಗಳು ವಿಸ್ಮಿತಾಳಿಗೆ, ನಿನ್ನ ಅಮ್ಮ ಮನೆಯಿಂದ ಬರೆಯುವುದು.

ಹೇಗಿದ್ದಿ ಮಗಾ? ಅಲ್ಲಿ ಚಳಿ ಹೆಚ್ಚಾಗಿದೆ ಎಂದು ಟಿ.ವಿ.ಯಲ್ಲಿ ತೋರಿಸಿದರು. ನಿನ್ನ ಊರಿನ ಹೆಸರು ಹೇಳಲಿಲ್ಲ, ಆದರೆ ಭೂಪಟದಲ್ಲಿ ನೀಲಿ ಬಣ್ಣ ಅಲ್ಲಿಯವರೆಗೂ ಬಂದಿತ್ತು. ಬೂಟು ತಾಗಿ ಎದ್ದ ಬೊಕ್ಕೆ ಒಣಗಿತಾ? ಅದನ್ನು ಒಡೆಯಬೇಡ, ಒಡೆದರೆ ನಂಜಾಗುತ್ತದೆ. ಫಯರಿಂಗಿಗೆ ಹೋಗುವಾಗ ಕಿವಿಗೆ ಹತ್ತಿ ಇಟ್ಟುಕೊ, ಸಾಹೇಬರು ಬೇಡ ಅಂದರೂ ಒಂದು ಚೂರು ಇಟ್ಟುಕೊ. ಚಪಾತಿ ತಿಂದು ತಿಂದು ಹೊಟ್ಟೆ ಕಟ್ಟುತ್ತದೆ ಅಂದಿದ್ದಿ, ಬಿಸಿನೀರು ಕುಡಿ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಪ್ಪನ ಟೆಂಪೋ ರಿಪೇರಿಗೆ ಹೋಗಿ ಬಂತು. ಅಜ್ಜನಿಗೆ ಈ ಸಲ ಕೆಮ್ಮು ಇಲ್ಲ. ನನಗೆ ಸೊಂಟನೋವು ಬಿಟ್ಟರೆ ಏನೂ ಇಲ್ಲ, ಕುಳಿತು ಬೀಡಿ ಕಟ್ಟುವವರಿಗೆ ಅದು ಇದ್ದದ್ದೇ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಲ್ಲ ಎಂದು ನೀನು ಕೇಳಬಹುದು. ನೀನು ಫೋನು ಮಾಡಿದ ಕೂಡಲೇ ಅಜ್ಜ ಅದನ್ನು ಸ್ಪೀಕರಿಗೆ ಹಾಕಿ ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ‘ಓಟದಲ್ಲಿ ಎಷ್ಟು ಸೆಕೆಂಡು ತೆಗೆದೆ’ ಎಂದು ಕೇಳುವುದರಲ್ಲೇ ನಿನಗೆ ಕೊಟ್ಟ ಸಮಯ ಮುಗಿಯುತ್ತದೆ. ಮತ್ತೆ ನೀನಿರುವುದು ಪೊಲೀಸ್ ಟ್ರೈನಿಂಗಿನಲ್ಲಿ. ಅಲ್ಲಿಗೆ ಬರುವ ಫೋನಿನಲ್ಲಿ ನಾನು ಪಿಸ್ತೂಲು ಗಿಸ್ತೂಲು ಎಂದು ಮಾತಾಡಿ, ಯಾರಾದರೂ ಕೇಳಿಸಿಕೊಂಡು, ನಿನ್ನನ್ನು ಕರೆದು ವಿಚಾರಿಸಿದರೆ ಎಂಬ ಹೆದರಿಕೆ ನನಗೆ. ಅಪ್ಪನಿಗೆ ಹೇಳಿದರೆ, ‘ಅವಳ ಕೈಯಲ್ಲಿ ರೈಫಲ್ಲೇ ಉಂಟು ಮಾರಾಯ್ತಿ, ನಿನ್ನ ಪಿಸ್ತೂಲಿಗೆ ಅಲ್ಲಿ ಯಾರು ಹೆದರುವುದು’ ಎಂದು ನಕ್ಕರು. ಅವರಿಗೆ ಎಲ್ಲವೂ ನಗೆ. ಕಾಗದವೇ ಒಳ್ಳೆಯದು ಎಂದು ನಾನು ಕುಳಿತಿದ್ದೇನೆ. ಅಂಟಿಸುವಾಗ ಗಟ್ಟಿಯಾಗಿ ಅಂಟಿಸುತ್ತೇನೆ.

ಪಿಸ್ತೂಲು ಅಂದರೆ ಅಜ್ಜನದ್ದೇ, ಶಾಲೆಯ ಕ್ರೀಡಾಕೂಟದಲ್ಲಿ ಓಟ ಬಿಡುವುದು. ನಳಿಗೆ ಮುಚ್ಚಿದ್ದು, ಗುಂಡು ಹೋಗುವುದಕ್ಕೆ ದಾರಿಯೇ ಇಲ್ಲ, ಮದ್ದಿನ ಕೇಪು ಇಟ್ಟು ಹೊಡೆದರೆ ಸದ್ದು ಮತ್ತು ಹೊಗೆ ಮಾತ್ರ ಎಂದು ಅಜ್ಜ ನನಗೆ ಎಷ್ಟು ಸಲ ಹೇಳಿಲ್ಲ. ಆದರೂ ಮದುವೆಯಾಗಿ ಬಂದಂದಿನಿಂದ ಅದಿರುವ ಕಪಾಟಿನ ಎದುರು ನಾನು ತಲೆ ತಗ್ಗಿಸಿಯೇ ಗುಡಿಸುವುದು. ನೀನು ಹೋದ ಮೇಲೆ ನಮ್ಮ ಶಾಲೆಯಿಂದ ಹೆಡ್‌ಟೀಚರ್ ದೀಪಶ್ರೀಯವರು ಮನೆಗೆ ಬಂದಿದ್ದರು. ಶಾಲೆಗೆ ವಜ್ರಮಹೋತ್ಸವವಂತೆ, ಕ್ರೀಡಾಕೂಟ ದೊಡ್ಡದಾಗಿ ಮಾಡುತ್ತಾರಂತೆ, ಹಳೆಯ ಪಿ.ಟಿ. ಮಾಸ್ಟ್ರು ಎಂದು ಅಜ್ಜನಿಗೆ ವೇದಿಕೆಯಲ್ಲಿ ಶಾಲು, ಹಣ್ಣಿನ ಬುಟ್ಟಿ. ಅಜ್ಜ ಎಲ್ಲ ಕೇಳಿ, ‘ಶಾಲು ಹೊದೆಸಿ ಕೂರಿಸಲಿಕ್ಕೆ ನಾನೇನು ಮುಗಿದು ಹೋಗಿದ್ದೇನಾ ಟೀಚರೇ? ಮೊದಲ ಓಟ ನಾನು ಬಿಡ್ತೇನೆ. ನನ್ನ ಪಿಸ್ತೂಲಿನಲ್ಲಿ’ ಎಂದರು. ಟೀಚರ್ ಪಾಪ ಒಳ್ಳೆಯವರು, ಆಗಲಿ ಎಂದರು. ಆದರೆ ಹೊರಡುವಾಗ ಅಂಗಳದಲ್ಲಿ ನನ್ನ ಹತ್ತಿರ, ‘ಅದು ಹೊಡೀತದಾ ನೀಲಾವತಿಯಕ್ಕ? ಮಕ್ಕಳ ಎದುರು ಮಾಸ್ಟ್ರಿಗೆ ಬೇಜಾರಾಗುವುದು ಬೇಡ. ಆಗದಿದ್ದರೆ ಮೊದಲೇ ಹೇಳಿ, ಮರದ ಚಪ್ಪಳೆ ಉಂಟು, ಅದರಲ್ಲೇ ಓಟ ಬಿಡುವ, ಅವರು ಮೇಲೆ ಕೂತರೆ ಸಾಕು’ ಎಂದರು. ಅಂದಿನಿಂದ ನನಗೆ ಅನ್ನ ಸೇರಲಿಲ್ಲ. ಅಜ್ಜನನ್ನು ನೀನು ನೋಡಿದ್ದಿಯಲ್ಲ, ಮೈದಾನದಲ್ಲಿ ನಿಂತವರು. ವೇದಿಕೆಯಲ್ಲಿ ಕೂತು ಬೇರೆಯವರು ಓಟ ಬಿಡುವುದನ್ನು ನೋಡಿದರೆ ಆ ಜೀವ ಅಲ್ಲಿಂದ ಎದ್ದು ಮನೆಗೆ ಬಂದ ಮೇಲೆ ಮತ್ತೆ ಏಳಲಿಕ್ಕಿಲ್ಲ ಎಂದು ನನಗೆ ಅನಿಸಿತು.

ಕಪಾಟಿನಿಂದ ತೆಗೆದು ನೋಡಿದರೆ ಪಿಸ್ತೂಲು ಅಲ್ಲಾಡುವುದಿಲ್ಲ. ಪ್ರತಿ ವರ್ಷ ಆಯುಧಪೂಜೆಗೆ ಅಜ್ಜ ಅದಕ್ಕೆ ಗಂಧ, ಕುಂಕುಮ ಹಚ್ಚುವುದು, ಮರುದಿನ ತುಕ್ಕು ಹಿಡಿಯಬಾರದು ಎಂದು ಮೇಲಿನಿಂದ ತೆಂಗಿನೆಣ್ಣೆ ಬಿಡುವುದು, ನಿನಗೆ ನೆನಪಿರಬಹುದು. ಅದನ್ನು ಬೈರಾಸು ಬಟ್ಟೆಯಲ್ಲಿ ಸುತ್ತಿ, ಬೀಡಿಯ ಬುಟ್ಟಿಯ ಅಡಿಯಲ್ಲಿಟ್ಟು, ಮೇಲೆ ಎಲೆಯ ಕಟ್ಟು ಇಟ್ಟು, ಬಿ.ಸಿ. ರೋಡಿನಲ್ಲಿ ಬಸ್ಸು ಬದಲಿಸಿ ಮೂಡಬಿದ್ರೆಗೆ ಹೋದೆ. ದಾರಿಯಲ್ಲಿ ಪೊಲೀಸರು ಬಸ್ಸು ನಿಲ್ಲಿಸಿದಾಗ ನಾನು ಬುಟ್ಟಿಯನ್ನು ಸೀಟಿನ ಅಡಿಗೆ ತಳ್ಳಿದೆ. ಅವರು ಡ್ರೈವರನ ಹತ್ತಿರ ಏನೋ ಕೇಳಿ ಇಳಿದು ಹೋದರು. ಪುತ್ತಿಗೆ ಕಡೆ ಹೋಗುವ ರಸ್ತೆಯಲ್ಲಿ ರೋಹಿತ್ ಎಂಬವನ ಕೋವಿ ರಿಪೇರಿಯ ಅಂಗಡಿ ಉಂಟು. ಹುಡುಗನಾಗಿದ್ದಾಗ ಅಜ್ಜನ ಕೈಯಲ್ಲಿ ಕಲಿತವನು, ಈಗ ಅವನಿಗೇ ತಲೆ ನೆರೆತಿದೆ. ಬಿಚ್ಚಿ ನೋಡಿ, ‘ಇದು ಪಿಸ್ತೂಲಾ ಅತಿರಸವಾ ಅಕ್ಕ? ಒಳಗೆ ಪಾಕ ಕಟ್ಟಿದೆ’ ಎಂದ. ಗಂಧ, ಎಣ್ಣೆ ಎಲ್ಲ ಸೇರಿ ಅಂಟಿನ ಹಾಗೆ ಆಗಿತ್ತು. ಕೆರೆದು ತೆಗೆದ ಮೇಲೆ ಗೊತ್ತಾದದ್ದು, ಕೇಪಿನ ಮೇಲೆ ಬಡಿಯುವ ತುಂಡು, ಹ್ಯಾಮರ್ ಅನ್ನುತ್ತಾರೆ, ಅದರ ಮೂಗು ಮುರಿದಿದೆ, ಅದನ್ನು ತಳ್ಳುವ ಸ್ಪ್ರಿಂಗು ತುಕ್ಕು ತಿಂದು ಪುಡಿಯಾಗಿದೆ. ಲೇತಿನಲ್ಲಿ ಹೊಸ ಹ್ಯಾಮರ್ ಮಾಡಿಸಿ, ಬೇರೆ ಸ್ಪ್ರಿಂಗು ಹಾಕಿ ಕೊಟ್ಟ. ಮನೆಗೆ ತಂದರೆ ಅಜ್ಜ ಒಮ್ಮೆ ಮುಟ್ಟಿ ಕೆಳಗಿಟ್ಟರು. ‘ಬೇರೆಯವರ ಹಲ್ಲು ಕಟ್ಟಿಸಿಕೊಂಡ ಹಾಗಾಯ್ತು. ಒರಿಜಿನಲ್ ಬೇಕು’ ಎಂದರು. ಆ ಕಂಪೆನಿ ಮುಚ್ಚಿ ಎಷ್ಟೋ ಕಾಲವಾಯಿತು ಮಾವ, ಒರಿಜಿನಲ್ ಎಲ್ಲಿಂದ ತರುವುದು ಎಂದು ಕೇಳಿದೆ. ಅವರು ಪಿಸ್ತೂಲನ್ನು ಪುನಃ ಕಪಾಟಿಗೆ ಇಟ್ಟರು. ಆಮೇಲೆ ಅಪ್ಪ ನನಗೆ ಮೆಲ್ಲಗೆ ಹೇಳಿದರು, ಅದೇ ದಿನ, ಅದೇ ಅಂಗಡಿಯಲ್ಲಿ, ಅದರ ಮುಂದಿನ ನಂಬರಿನ ಇನ್ನೊಂದು ಪಿಸ್ತೂಲು ಕೊಂಡವರಿದ್ದಾರೆ, ಅದು ಅಬ್ದುಲ್ ಸಮದ್ ಮಾಸ್ಟ್ರು ಎಂದು.

ಸಮದ್ ಮಾಸ್ಟ್ರ ಹೆಸರು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅವರು ಬೆಳ್ತಂಗಡಿ ತಾಲೂಕಿನಲ್ಲಿ ಪಿ.ಟಿ. ಮಾಸ್ಟ್ರಾಗಿದ್ದವರು, ಅಜ್ಜನ ದೊಡ್ಡ ದೋಸ್ತಿ. ಜಿಲ್ಲೆಯ ಕೂಟದಲ್ಲಿ ಅಜ್ಜನ ಹುಡುಗಿಯರು ರಿಲೇಯಲ್ಲಿ ಗೆದ್ದಾಗ, ಕೋಲು ಕೊಟ್ಟದ್ದು ಗೆರೆ ದಾಟಿದ ಮೇಲೆ ಎಂದು ಸಮದ್ ಮಾಸ್ಟ್ರು ಕೆಂಪು ಬಾವುಟ ಎತ್ತಿದರು. ಅಲ್ಲಿಗೆ ಮಾತು ನಿಂತಿತು. ಈಗ ಅವರು ಕೊಕ್ಕಡದಲ್ಲಿ ಮಗನ ಮನೆಯಲ್ಲಿದ್ದಾರೆ. ನಾನು ಅಜ್ಜನಿಗೆ ಹೇಳದೆ ಪುತ್ತೂರು, ಉಪ್ಪಿನಂಗಡಿ ಎಂದು ಬಸ್ಸು ಬದಲಿಸಿ ಬದಲಿಸಿ ಅಲ್ಲಿಗೆ ಹೋದೆ. ಅವರಿಗೆ ಕಿವಿ ಪೂರ್ತಿ ಹೋಗಿದೆ ಮಗಾ. ನಾನು ಮೆಲ್ಲಗೆ ಹೇಳಿದ್ದು ಒಂದೂ ಕೇಳಲಿಲ್ಲ. ಕೊನೆಗೆ ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡುವ ಹಾಗೆ ‘ನನಗೆ ನಿಮ್ಮ ಪಿಸ್ತೂಲು ಬೇಕು’ ಎಂದು ಬೊಬ್ಬೆ ಹೊಡೆಯಬೇಕಾಯಿತು. ಜೀವಮಾನದಲ್ಲಿ ಇಂಥದ್ದು ಮಾಡಿರಲಿಲ್ಲ. ಅವರು ಕುಲುಕುಲು ನಕ್ಕು, ‘ನಿನ್ನ ಮಾವ ಸುಬ್ಬಪ್ಪ ಮಾಸ್ಟ್ರು ಬರ್ಲಿಲ್ವಾ? ಅವರ ಕಾಲಿಗೂ ಯಾರಾದ್ರೂ ಫೌಲ್ ಕೊಟ್ಟಿದ್ದಾರಾ?’ ಎಂದು ಕೇಳಿದರು. ಅವರ ಪಿಸ್ತೂಲಿನಲ್ಲಿ ಕೇಪು ಇಡುವ ಜಾಗ ತುಕ್ಕು ತಿಂದು ಹೋಗಿದೆ, ಆದರೆ ಹೊಲಿಗೆ ಮೆಷಿನಿನ ಎಣ್ಣೆ ಬಿಟ್ಟು ಇಟ್ಟದ್ದರಿಂದ ಹ್ಯಾಮರು, ಸ್ಪ್ರಿಂಗು ಹೊಸತರ ಹಾಗೆ ಉಂಟು. ಕೊಡುತ್ತಾರೋ ಇಲ್ಲವೋ ಎಂದು ನಾನು ಸೆರಗು ಹಿಂಡುತ್ತಿದ್ದರೆ, ಇಡೀ ಪಿಸ್ತೂಲನ್ನೇ ನನ್ನ ಬುಟ್ಟಿಗೆ ಹಾಕಿ, ‘ಕೂಟದ ದಿನ ವಾಚು ನಾನು ಹಿಡಿಯುವುದು. ಒಪ್ಪಿಗೆಯಾ ಕೇಳು ನಿನ್ನ ಮಾವನಿಗೆ’ ಎಂದರು.

ಬುಟ್ಟಿ ಇಳಿಸಿದಾಗ ಅಜ್ಜನಿಗೆ ನೋಡಿದ ಕೂಡಲೇ ಗೊತ್ತಾಯಿತು. ಬೈಯುತ್ತಾರೆ ಎಂದು ನಾನು ವಾಚಿನ ಮಾತನ್ನು ಹೇಳಿದ್ದೇ ಅಡುಗೆಮನೆಗೆ ಹೋದೆ. ‘ಕಿವಿ ಕೇಳದವ ವಾಚು ಹೇಗೆ ಹಿಡಿಯುವುದಂತೆ?’ ಎಂದು ಅಲ್ಲಿಂದಲೇ ಕೇಳಿದರು. ಹೊಗೆ ನೋಡಿ ಒತ್ತುವುದಂತೆ ಮಾವ ಎಂದೆ. ‘ಅದು ಸರಿ. ಸದ್ದು ಕೇಳಿ ವಾಚು ಒತ್ತುವವ ಟೈಮ್‌ಕೀಪರೇ ಅಲ್ಲ’ ಎಂದರು. ಅಷ್ಟೇ, ಒಪ್ಪಿಗೆ ಆಯಿತು.

ರೋಹಿತ್ ಎರಡನ್ನೂ ಬಿಚ್ಚಿ ಒಂದು ಮಾಡಿಕೊಟ್ಟ. ಕೂದಲೆಳೆಯಷ್ಟೂ ಅರ ಹಾಕಬೇಕಾಗಲಿಲ್ಲವಂತೆ, ಅಕ್ಕತಂಗಿಯರ ಬಳೆಯ ಹಾಗೆ ಒಂದಕ್ಕೊಂದು ಹಿಡಿಸಿತು. ಅಜ್ಜ ಅದನ್ನು ಬೆಳಕಿಗೆ ಹಿಡಿದು ನೋಡಿದ್ದೇ ನೋಡಿದ್ದು. ಆಮೇಲೆ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯಲು ಹೋದರು. ಬರಲಿಲ್ಲ. ಸ್ಪ್ರಿಂಗು ಮೊದಲಿನ ಹಾಗೇ ಬಿರುಸು ಉಂಟು, ಬೆರಳು ಮೊದಲಿನ ಹಾಗೆ ಇಲ್ಲ. ಗಂಟುಗಳೆಲ್ಲ ಊದಿ ಹೋಗಿವೆಯಲ್ಲ. ನಾನು ನೋಡದ ಹಾಗೆ ಎಲೆ ಕತ್ತರಿಸುತ್ತಾ ಕುಳಿತೆ. ಮರುದಿನ ಮಧ್ಯಾಹ್ನ ಕಟ್ಟಿಗೆ ಕೊಟ್ಟಿಗೆಯ ಹಿಂದೆ ಎರಡು ಕೈಯಲ್ಲಿ ಹಿಡಿದು, ತೊಡೆಗೆ ಒತ್ತಿ ಎಳೆಯುತ್ತಿದ್ದರು. ಉಸಿರು ಕಟ್ಟಿ ಮುಖ ಕೆಂಪಾಗಿತ್ತು. ಅಪ್ಪನಿಗೆ ಹೇಳಿದೆ. ಅಪ್ಪ ಹೋಗಿ, ‘ಯಾರಾದ್ರೂ ಎಳೆದು ಕೊಡಲಿ ಅಪ್ಪಾ, ನೀವು ಮೇಲೆ ಹಿಡಿದು ಒತ್ತಿದರೆ ಆಯ್ತಲ್ಲ’ ಎಂದರು. ಅಜ್ಜ, ‘ಬೇರೆಯವ ಎಳೆದುಕೊಟ್ಟದ್ದನ್ನು ಹಿಡಿಯುವುದಕ್ಕಿಂತ ಶಾಲು ಹೊದೆದು ಕೂರ್ತೇನೆ’ ಎಂದರು. ಅಂದಿನಿಂದ ಕುಪ್ಪಿಯ ತೈಲ ಹೆಬ್ಬೆರಳಿಗೆ ಬೆಳಿಗ್ಗೆ ಸಂಜೆ ಉಜ್ಜುವುದೇ ಕೆಲಸ. ಈ ಗಡಿಬಿಡಿಯಲ್ಲಿ ಕೇಪು ತರಲು ನಾನು ಮತ್ತೊಮ್ಮೆ ಮೂಡಬಿದ್ರೆಗೆ ಹೋದೆ. ಕೇಪು ಸರಿ ಕೂರುತ್ತದಾ ನೋಡಲಿ ಎಂದು ಪಿಸ್ತೂಲನ್ನೂ ಕೊಂಡುಹೋಗಿದ್ದೆ.

ನಿನ್ನೆ ಕೂಟ ಆಯಿತು. ಅಜ್ಜ ಇಸ್ತ್ರಿ ಹಾಕಿದ ಬಿಳಿ ಪ್ಯಾಂಟು, ಬಿಳಿ ಬೂಟು, ಕುತ್ತಿಗೆಗೆ ಸೀಟಿ. ಸಮದ್ ಮಾಸ್ಟ್ರು ಮೊಮ್ಮಗನ ಕಾರಿನಲ್ಲಿ ಬಂದಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಮಸ್ಕಾರವನ್ನೂ ಮಾಡಲಿಲ್ಲ. ಸಮದ್ ಮಾಸ್ಟ್ರು ಪಿಸ್ತೂಲು ಇಸಿದುಕೊಂಡು ಹ್ಯಾಮರನ್ನು ಒಮ್ಮೆ ಎಳೆದು, ಮೆಲ್ಲ ಬಿಟ್ಟು, ‘ನನ್ನದು ಚೆನ್ನಾಗಿ ಉಂಟಲ್ಲ’ ಎಂದರು. ಅಜ್ಜ, ‘ಹೊರಗಿನದ್ದು ನನ್ನದು’ ಎಂದರು. ಸಮದ್ ಮಾಸ್ಟ್ರು ಓಟ ಮುಗಿಯುವ ಗೆರೆಯ ಹತ್ತಿರ ವಾಚು ಹಿಡಿದು ನಿಂತರು, ಅಜ್ಜ ಈ ಕಡೆ. ನಾನು ಬಾವಿಕಟ್ಟೆಯ ಮರೆಯಲ್ಲಿ ಕಿವಿ ಮುಚ್ಚಿ ನಿಂತಿದ್ದೆ. ಅಜ್ಜ ಕೈ ಎತ್ತಿದರು, ಹೆಬ್ಬೆರಳಿನಿಂದ ಎಳೆದರು, ಅದು ಬಂತು. ಒಬ್ಬ ಹುಡುಗ ಮೊದಲೇ ಹಾರಿದ, ಅವನನ್ನು ಬೈದು ಹಿಂದೆ ಕರೆದು, ಎಲ್ಲರನ್ನೂ ಪುನಃ ನಿಲ್ಲಿಸಿ, ಆಮೇಲೆ ಹೊಡೆದರು. ಮರದ ಮೇಲಿನ ಕಾಗೆಗಳೆಲ್ಲ ಎದ್ದವು. ಅಜ್ಜನ ಮುಖ ನೀನು ನೋಡಬೇಕಿತ್ತು. ಎಲ್ಲ ಓಟ ಮುಗಿಯುವವರೆಗೂ ಅವರೇ ಬಿಟ್ಟದ್ದು, ಶಾಲು ಹೊದೆಸಲು ಕರೆದರೆ ‘ರಿಲೇ ಬಾಕಿ ಉಂಟು’ ಎಂದರು. ರಿಲೇಯಲ್ಲಿ ಕೋಲು ಎಲ್ಲಿ ಕೊಟ್ಟರು ಎಂದು ಸಮದ್ ಮಾಸ್ಟ್ರ ಜೊತೆ ಪುನಃ ಲಡಾಯಿ ಆಯಿತು. ಜಗಳ ಮುಗಿಯದ್ದರಿಂದ ಸಮದ್ ಮಾಸ್ಟ್ರು ಕೊಕ್ಕಡಕ್ಕೆ ಹೋಗಲಿಲ್ಲ, ಇಲ್ಲೇ ಚಾವಡಿಯಲ್ಲಿದ್ದಾರೆ, ಈಗಲೂ ಬೊಬ್ಬೆ ಕೇಳುತ್ತಾ ಉಂಟು. ಬಂದವರಿಗೆಲ್ಲ ಅಜ್ಜ ಹೆಬ್ಬೆರಳು ತೋರಿಸಿ, ‘ತೈಲದ ಗುಣ ನೋಡಿ. ಒರಿಜಿನಲ್ ಸ್ಪ್ರಿಂಗನ್ನೇ ಎಳೆದೆ’ ಎನ್ನುತ್ತಿದ್ದಾರೆ. ಪಕ್ಕದ ಮನೆಯ ಪದ್ಮಾಕ್ಷಿ ಮೊಣಕಾಲಿಗೆಂದು ಆ ತೈಲದ ಹೆಸರು ಬರೆಸಿಕೊಂಡು ಹೋದಳು.

ಊಟ ಬಿಡಬೇಡ. ರಾತ್ರಿ ಕಾಲಿಗೆ ಸಾಕ್ಸು ಹಾಕಿ ಮಲಗು. ಜೊತೆಯ ಮಕ್ಕಳಿಗೆ ನನ್ನ ನೆನಪು ಹೇಳು. ಅಜ್ಜ, ಅಪ್ಪ, ನಾನು ಎಲ್ಲರೂ ನೀನು ಜನವರಿಯಲ್ಲಿ ರಜೆಗೆ ಬರುವ ದಾರಿ ನೋಡುತ್ತಿದ್ದೇವೆ. ದೇವರು ನಿನ್ನನ್ನು ಚೆನ್ನಾಗಿ ಇಟ್ಟಿರಲಿ ಮಗಾ.

ನಿನ್ನ ಅಮ್ಮ
ನೀಲಾವತಿ

ಮರೆತದ್ದು: ಮರೆತದ್ದಲ್ಲ, ಬರೆಯಬೇಕಾ ಬೇಡವಾ ಎಂದು ಹೆದರಿ ಬಿಟ್ಟದ್ದು. ಅದು ತೈಲ ಅಲ್ಲ ಮಗಾ. ಕೇಪು ತರಲು ಹೋದ ದಿನ ನಾನು ರೋಹಿತ್‌ನಿಗೆ ಕೈ ಮುಗಿದು ಆ ಒರಿಜಿನಲ್ ಸ್ಪ್ರಿಂಗು ತೆಗೆಸಿದೆ. ಯಾವುದೋ ಹೊಲಿಗೆ ಮೆಷಿನಿನದ್ದನ್ನು ತುಂಡು ಮಾಡಿ ಹಾಕಿದ, ಕೇಪು ಸಿಡಿಯುವಷ್ಟು ಮಾತ್ರ ಬಲ ಉಂಟು. ‘ಮಾಸ್ಟ್ರಿಗೆ ಗೊತ್ತಾದ್ರೆ ಈ ಪ್ರಾಯದಲ್ಲಿ ನನ್ನನ್ನು ಮೈದಾನಕ್ಕೆ ಸುತ್ತು ಓಡಿಸ್ತಾರೆ ಅಕ್ಕ’ ಎಂದ. ಅಪ್ಪನಿಗೂ ಹೇಳಿಲ್ಲ, ಅವರು ನಕ್ಕು ಎಲ್ಲ ಹಾಳು ಮಾಡುತ್ತಾರೆ. ಸಮದ್ ಮಾಸ್ಟ್ರು ಎಳೆದು ನೋಡಿ ನನ್ನ ಮುಖ ನೋಡಿದರು, ಆದರೆ ಬಾಯಿ ಬಿಡಲಿಲ್ಲ. ಈಗ ಅಜ್ಜ, ಕೇಪಿನ ಮಸಿ ತೆಗೆಯಬೇಕು, ರೋಹಿತ್ ಬೇಡ, ವಿಸ್ಮಿತಾ ಕಣ್ಣು ಕಟ್ಟಿ ರೈಫಲ್ ಬಿಚ್ಚುತ್ತಾಳಂತೆ, ಅವಳೇ ಬಂದು ಬಿಚ್ಚಲಿ, ನಾನು ಪಕ್ಕದಲ್ಲಿ ಕೂರ್ತೇನೆ ಎನ್ನುತ್ತಿದ್ದಾರೆ. ಬಿಚ್ಚಿದರೆ ಒಳಗೆ ಆ ಮೆಷಿನಿನ ಸ್ಪ್ರಿಂಗು ಬೆಳ್ಳಗೆ ಹೊಳೆಯುವುದು ಕಾಣುತ್ತದೆ. ಅಜ್ಜನಿಗೆ ಕನ್ನಡಕ ಹಾಕಿದರೂ ಅಷ್ಟು ಸಣ್ಣದ್ದು ಕಾಣುವುದಿಲ್ಲ, ನಿನ್ನನ್ನೇ ಕೇಳುತ್ತಾರೆ. ಒರಿಜಿನಲ್ಲೇ ಅಜ್ಜಾ ಎಂದು ಹೇಳಿ ಬೇಗ ಮುಚ್ಚು. ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ಹೇಳುವಾಗ ಕಿವಿ ಕೆಂಪಾಗುತ್ತದೆ. ಅದಕ್ಕೇ ಈಗಲೇ ಬರೆದದ್ದು. ಅಲ್ಲಿ ಕನ್ನಡಿ ಇದ್ದರೆ ಅಭ್ಯಾಸ ಮಾಡಿಕೊಂಡು ಬಾ.